ಬೀಗದ ಕೈ ಕಳೆದ ಕಾವಲು

ಕಳ್ಳಕಾಕರ ಭಯವು ಮನೆ ಕಟ್ಟಿಕೊಂಡ ಮನುಷ್ಯನಷ್ಟೇ ಹಳೆಯದು. ಹಿಂದೆ ಊರಿಗೊಬ್ಬ ತಳವಾರನಿದ್ದ, ಮನೆಗೊಂದು ನಾಯಿಯಿತ್ತು. ಇಂದು ಆ ಸ್ಥಾನಕ್ಕೆ ಗೋಡೆಯ ಮೇಲಿನ ಪುಟ್ಟ ಕ್ಯಾಮೆರಾ ಬಂದು ಕುಳಿತಿದೆ. ಪೇಟೆಯ ಬಂಗಲೆಗಳಲ್ಲಿ ಮಾತ್ರವಲ್ಲ, ಕಿರಾಣಿ ಅಂಗಡಿಯಲ್ಲಿ, ಅಡಿಕೆ ಒಣಗಿಸುವ ಅಂಗಳದಲ್ಲಿ, ವಯಸ್ಸಾದ ತಂದೆತಾಯಿಗಳಿಬ್ಬರೇ ಇರುವ ಹಳ್ಳಿಯ ಮನೆಯಲ್ಲಿಯೂ ಅದನ್ನು ಕಾಣಬಹುದು. ಸಂತೋಷದ ವಿಷಯವೇ. ಆದರೆ ಸಾಲಸೋಲ ಮಾಡಿ ತಂದಿಟ್ಟ ಈ ಕಾವಲುಗಾರನು ತಾನು ಕಂಡುದನ್ನು ಒಡೆಯನಿಗೆ ತೋರಿಸಲಾರದೆ ಹೋದರೆ ಗತಿಯೇನು? ಕೆಲವು ವರ್ಷಗಳ ಹಿಂದೆ ಕೊಂಡ ಎಷ್ಟೋ ಕ್ಯಾಮೆರಾಗಳಿಗೆ ಇಂದು ಒದಗಿರುವ ಸ್ಥಿತಿ ಇದೇ. ಕಂಪ್ಯೂಟರಿನ ಬ್ರೌಸರಿನಲ್ಲಿ ಅದರ ವಿಳಾಸ ಬರೆದರೆ ಪುಟವೇನೋ ತೆರೆಯುತ್ತದೆ; ಚಿತ್ರವಿರಬೇಕಾದ ಜಾಗದಲ್ಲಿ ಮಾತ್ರ ‘ಪ್ಲಗಿನ್ ಹಾಕಿಕೊಳ್ಳಿ’ ಎಂಬ ಒಂದು ಸಾಲು! ಹಾಕಿಕೊಂಡರೂ ಅದೇ ಸಾಲು!

ಇದರ ಕಾರಣವನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ೧೯೯೦ರ ದಶಕದ ಬ್ರೌಸರುಗಳಿಗೆ ಚಲಿಸುವ ಚಿತ್ರವನ್ನು ತಾವಾಗಿಯೇ ತೋರಿಸುವ ಶಕ್ತಿಯಿರಲಿಲ್ಲ. ಆ ಕೊರತೆಯನ್ನು ತುಂಬಲು ಹೊರಗಿನಿಂದ ಅಂಟಿಸುವ ಸಹಾಯಕ ತಂತ್ರಾಂಶವೇ ಪ್ಲಗಿನ್. ೧೯೯೫ರಲ್ಲಿ ನೆಟ್‌ಸ್ಕೇಪ್ ಬ್ರೌಸರು ಇದಕ್ಕೊಂದು ದಾರಿ ಮಾಡಿತು. ಮರುವರ್ಷ ಮೈಕ್ರೋಸಾಫ್ಟ್ ಸಂಸ್ಥೆಯು ಆಕ್ಟಿವ್‌ಎಕ್ಸ್ ಎಂಬುದನ್ನು ತಂದಿತು. ಕ್ಯಾಮೆರಾ ತಯಾರಕರು ಇವನ್ನೇ ನೆಚ್ಚಿಕೊಂಡರು. ಆದರೆ ಪ್ಲಗಿನ್ ಎಂಬುದು ಮನೆಯ ಹಿತ್ತಿಲ ಬಾಗಿಲಿದ್ದಂತೆ. ನೆಂಟನೂ ಬರಬಹುದು, ಕಳ್ಳನೂ ಬರಬಹುದು. ಆದುದರಿಂದ ಬ್ರೌಸರುಗಳು ಒಂದೊಂದಾಗಿ ಆ ಬಾಗಿಲನ್ನು ಮುಚ್ಚಿದವು. ಕ್ರೋಮ್ ೨೦೧೫ರಲ್ಲಿ ಹಳೆಯ ಪ್ಲಗಿನ್‌ಗಳನ್ನು ಕೈಬಿಟ್ಟಿತು. ಫೈರ್‌ಫಾಕ್ಸ್ ೨೦೧೭ರಲ್ಲಿ ಫ್ಲ್ಯಾಶ್ ಒಂದನ್ನುಳಿದು ಮಿಕ್ಕವನ್ನು ಬಿಟ್ಟಿತು. ೨೦೨೦ರ ಕೊನೆಗೆ ಫ್ಲ್ಯಾಶ್ ಕೂಡ ಮುಗಿಯಿತು. ೨೦೨೨ರ ಜೂನ್ ತಿಂಗಳಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರಿಗೂ ನಿವೃತ್ತಿಯಾಯಿತು. ಬಾಗಿಲು ಹೋಯಿತು, ಆದರೆ ಅದರ ಮೂಲಕವೇ ಬರಬೇಕೆಂದು ಹಟ ಹಿಡಿದ ಕ್ಯಾಮೆರಾ ಗೋಡೆಯ ಮೇಲೆ ಉಳಿಯಿತು.

ಇಲ್ಲಿ ಮೊದಲು ತಿಳಿಯಬೇಕಾದ ಮಾತೊಂದಿದೆ. ಇಂಥ ಸಂದರ್ಭದಲ್ಲಿ ಕ್ಯಾಮೆರಾ ಸಾಮಾನ್ಯವಾಗಿ ಕೆಟ್ಟಿರುವುದಿಲ್ಲ; ಅದು ನೋಡುತ್ತಲೇ ಇರುತ್ತದೆ, ರೆಕಾರ್ಡರು ದಾಖಲಿಸುತ್ತಲೇ ಇರುತ್ತದೆ. ನಾವು ನೋಡುವ ಕಿಟಕಿಯೊಂದೇ ಮುಚ್ಚಿರುವುದು. ಇದನ್ನರಿಯದೆ ‘ಹಾಳಾಯಿತು’ ಎಂದು ಕಿತ್ತೆಸೆದು ಹೊಸದನ್ನು ಕೊಳ್ಳುವುದು ದುಂದು. ಸುಮ್ಮನೆ ಕೈಕಟ್ಟಿ ಕೂರುವುದು ಇನ್ನೂ ಕೆಟ್ಟದ್ದು. ರೆಕಾರ್ಡರಿನ ಡಿಸ್ಕ್ ತುಂಬಿದೊಡನೆ ಹಳೆಯ ದೃಶ್ಯಗಳ ಮೇಲೆ ಹೊಸವು ಬರೆಯಲ್ಪಡುತ್ತವೆ. ಕಳವಾದ ರಾತ್ರಿಯ ಚಿತ್ರ ಬೇಕೆಂದು ಪೊಲೀಸರು ಕೇಳುವಾಗ ನಾವು ಪ್ಲಗಿನ್ನಿನೊಡನೆ ಗುದ್ದಾಡುತ್ತ ದಿನಗಳೆದರೆ ಸಾಕ್ಷ್ಯವೇ ಅಳಿಸಿಹೋಗುತ್ತದೆ.

ಪರಿಹಾರಗಳಿವೆ, ಆದರೆ ಕ್ರಮ ತಪ್ಪಬಾರದು. ಮೊದಲು ರೆಕಾರ್ಡರಿಗೆ ಟಿ.ವಿ.ಯನ್ನು ನೇರವಾಗಿ ಜೋಡಿಸಿ ನೋಡಬೇಕು. ಚಿತ್ರ ಬಂದರೆ ದೋಷ ಬ್ರೌಸರಿನ ಕಡೆಯದೆಂದು ನಿಶ್ಚಯ. ತುರ್ತಿನ ದೃಶ್ಯವನ್ನು ಅಲ್ಲಿಂದಲೇ ಪೆನ್‌ಡ್ರೈವಿಗೆ ಇಳಿಸಿಕೊಳ್ಳಬಹುದು. ಅನಂತರ ಯಂತ್ರದ ಮಾದರಿ ಸಂಖ್ಯೆ ನೋಡಿ, ತಯಾರಕರ ಸ್ವಂತ ತಾಣದಲ್ಲಿ ಹೊಸ ಫರ್ಮ್‌ವೇರ್ ಇದೆಯೇ ಎಂದು ವಿಚಾರಿಸಬೇಕು. ಕೆಲವಕ್ಕೆ ಪ್ಲಗಿನ್ ಇಲ್ಲದೆಯೇ ಚಿತ್ರ ತೋರಿಸುವ ಶಕ್ತಿ ಅದರಿಂದ ಬರುತ್ತದೆ. ಆಗಲೂ ಬಾರದಿದ್ದರೆ ಚಿತ್ರದ ಕ್ರಮವನ್ನು ಎಚ್.೨೬೫ರಿಂದ ಎಚ್.೨೬೪ಕ್ಕೆ ಬದಲಿಸಿ ನೋಡಬಹುದು. ತಯಾರಕರ ಆ್ಯಪ್ ಇದ್ದರೆ ಬ್ರೌಸರಿನ ಹಂಗೇ ಬೇಡ. ಆರ್.ಟಿ.ಎಸ್.ಪಿ. ವಿಳಾಸ ಕೊಡುವ ಕ್ಯಾಮೆರಾವನ್ನು ವಿ.ಎಲ್.ಸಿ. ಎಂಬ ಉಚಿತ ತಂತ್ರಾಂಶದಲ್ಲಿ ನೋಡಬಹುದು. ಕೊನೆಯ ಉಪಾಯ ಎಡ್ಜ್ ಬ್ರೌಸರಿನ ಐ.ಇ. ಮೋಡ್. ಇದು ಆಕ್ಟಿವ್‌ಎಕ್ಸ್‌ಗೆ ಮಾತ್ರ ಉಪಯುಕ್ತ. ನಾವೇ ಸೇರಿಸಿದ ಪುಟಕ್ಕೆ ಸಾಮಾನ್ಯವಾಗಿ ೩೦ ದಿನಗಳ ಅವಧಿ, ಆಮೇಲೆ ಮತ್ತೆ ಸೇರಿಸಬೇಕು.

ಗೊತ್ತುಗುರಿಯಿಲ್ಲದ ತಾಣಗಳಿಂದ ಪ್ಲಗಿನ್ ಇಳಿಸಿಕೊಳ್ಳುವುದು, ಹಳೆಯ ಬ್ರೌಸರನ್ನು ಹುಡುಕಿ ತಂದು ಕೂರಿಸುವುದು, ರಕ್ಷಣೆಯ ಏರ್ಪಾಟುಗಳನ್ನು ಆರಿಸುವುದು, ಇವು ಕಳ್ಳನಿಗೆ ಹೆದರಿ ಬಾಗಿಲು ತೆರೆದಿಟ್ಟಂತೆ. ೨೦೧೬ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದೆ ಬಿಟ್ಟಿದ್ದ ಅಸಂಖ್ಯ ಕ್ಯಾಮೆರಾ, ರೆಕಾರ್ಡರುಗಳನ್ನು ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ ೨೧ರಂದು ಅವುಗಳ ಮೂಲಕ ನಡೆದ ದಾಳಿಯಿಂದ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಮುಂತಾದವು ಗಂಟೆಗಟ್ಟಲೆ ದೊರಕದಂತಾದವು. ಕಾವಲುಗಾರನೇ ದರೋಡೆಕೋರರ ದಂಡಿಗೆ ಸೇರಿದ ಕಥೆಯಿದು.

ಹಾಗಾದರೆ ತಪ್ಪು ಯಾರದು? ಬ್ರೌಸರನ್ನು ದೂರುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಅಪಾಯದ ಬಾಗಿಲನ್ನು ಮುಚ್ಚಿದ್ದು ನ್ಯಾಯವೇ. ಮಾರಿದ ಮೇಲೆ ಮುಖ ತಿರುಗಿಸುವ ತಯಾರಕರದ್ದೇ ಹೊಣೆ. ಹಳೆಯದನ್ನೆಲ್ಲ ಎಂದೆಂದಿಗೂ ಸಾಕಲಾದೀತೇ ಎಂದು ಅವರು ಕೇಳಬಹುದು. ಎಂದೆಂದಿಗೂ ಬೇಡ, ಎಷ್ಟು ವರ್ಷ ಎಂಬುದನ್ನು ಡಬ್ಬಿಯ ಮೇಲೆ ಅಚ್ಚು ಹಾಕಲಿ. ಔಷಧಿಯ ಸೀಸೆಗೆ, ಬಿಸ್ಕತ್ತಿನ ಪೊಟ್ಟಣಕ್ಕೆ ಅವಧಿಯುಂಟು. ಮನೆ ಕಾಯುವ ಯಂತ್ರಕ್ಕೆ ಏಕಿರಬಾರದು? ಬೇರೆ ಬೇರೆ ತಯಾರಕರ ಕ್ಯಾಮೆರಾಗಳು ಒಂದೇ ಭಾಷೆಯಾಡಲೆಂದು ೨೦೦೮ರಲ್ಲಿಯೇ ಆನ್‌ವಿಫ್ ಎಂಬ ಒಕ್ಕೂಟ ಹುಟ್ಟಿತು. ಕೊಳ್ಳುವವರು ಬೆಲೆಯೊಡನೆ ಅದನ್ನೂ ವಿಚಾರಿಸಲಿ.

ಸಹಪಾಠಿಗಳಿಗೂ ಒಂದು ಮಾತು. ಆ ಪರದೆಯ ಮೇಲಿನ ಸೂಚನೆಯು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತದೆ. ನಮ್ಮಲ್ಲಿ ಅನೇಕರ ಮನೆಗಳಲ್ಲಿ ಅದನ್ನು ಓದಬಲ್ಲವರು ನಾವೇ ಮೊದಲಿಗರು. ಕಲಾವಿಭಾಗದವರಿಗೆ ಯಂತ್ರದ ಗೊಡವೆಯೇಕೆಂದು ಜಾರಿಕೊಳ್ಳುವುದು ಬೇಡ. ಓದಿ ಅರ್ಥ ಹೇಳುವುದು ನಮ್ಮ ವಿದ್ಯೆಯೇ ಅಲ್ಲವೆ? ಈ ರಜೆಯಲ್ಲಿ ಊರಿಗೆ ಹೋದಾಗ ಮನೆಯದೋ ನೆರೆಯವರದೋ ಕ್ಯಾಮೆರಾದ ಚಿತ್ರ ಬರುತ್ತಿದೆಯೇ, ಪಾಸ್‌ವರ್ಡ್ ಬದಲಾಗಿದೆಯೇ ಎಂದು ಅರ್ಧ ಗಂಟೆ ನೋಡೋಣ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆ ನಮ್ಮ ಮನೆಗಳಿಗೆ ಅನ್ವಯಿಸದಿರಲಿ.