ದಶಪಥದಲ್ಲಿ ನಮ್ಮ ನಾಲ್ಕು ಪಥ ಎಲ್ಲಿ?

ಊರಿಗೆ ಹೋಗಿಬಂದ ಮೇಲೆ ಬರೆಯುವ ಪ್ರಬಂಧಗಳಿಗೆ ಕನ್ನಡದಲ್ಲಿ ಈಗ ಬರವಿಲ್ಲ. ಅವುಗಳಲ್ಲಿ ಅಪ್ಪನ ಹಳೆಯ ಬೈಕ್ ಇರುತ್ತದೆ, ಅವ್ವನ ಸೆರಗು ಇರುತ್ತದೆ, ಗದ್ದೆಬಯಲಿನ ಗಾಳಿ ಇರುತ್ತದೆ. ರಸ್ತೆ ಮಾತ್ರ ಇರುವುದಿಲ್ಲ. ಆ ಬೈಕ್ ಎಲ್ಲಿ ಓಡಬಹುದು, ಎಲ್ಲಿ ಓಡಕೂಡದು, ಅದನ್ನು ತೀರ್ಮಾನಿಸಿದವರು ಯಾರು ಎಂಬ ಪ್ರಶ್ನೆಗಳು ನಮ್ಮ ಊರಿನ ನೆನಪುಗಳೊಳಗೆ ಸುಳಿಯುವುದೇ ಇಲ್ಲ. ಮಂಡ್ಯ ಜಿಲ್ಲೆಯಲ್ಲಿ ಈ ಪ್ರಶ್ನೆಯನ್ನು ಬಿಟ್ಟು ಅಪ್ಪ ಅವ್ವನ ಬಗ್ಗೆ ಬರೆಯುವುದು ಸಾಧ್ಯವಿಲ್ಲ ಎಂಬುದು ನನ್ನ ವಾದ.

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಹೆದ್ದಾರಿ ಲೋಕಾರ್ಪಣೆಯಾದದ್ದು ನಮ್ಮ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. ಸುಮಾರು 118 ಕಿಲೋಮೀಟರ್ ಉದ್ದ, 8,480 ಕೋಟಿ ರೂಪಾಯಿ ವೆಚ್ಚ. ಜುಲೈ 1ರಿಂದ ನಿಡಘಟ್ಟದಿಂದ ಮೈಸೂರಿನವರೆಗಿನ ಭಾಗಕ್ಕೂ ಟೋಲ್ ಶುರುವಾಯಿತು. ಸರಿಯಾಗಿ ಒಂದು ತಿಂಗಳಿಗೆ, ಆಗಸ್ಟ್ 1ರಿಂದ, ಬೈಕ್, ಸ್ಕೂಟರ್, ಆಟೊ, ಟ್ರ್ಯಾಕ್ಟರ್, ಸೈಕಲ್, ಎತ್ತಿನಗಾಡಿಗಳಿಗೆ ಮುಖ್ಯ ರಸ್ತೆಯಲ್ಲಿ ನಿಷೇಧ ಬಂತು. ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಮಂಡ್ಯದ ಹಳ್ಳಿಯೊಂದರ ಮನೆ ಮುಂದೆ ನಿಲ್ಲುವ ಗಾಡಿಗಳ ಪಟ್ಟಿಯೇ ಅದು.

ನಿಷೇಧಕ್ಕೆ ಕೊಟ್ಟ ಕಾರಣ ಸುರಕ್ಷತೆ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಬರುವ ಕಾರುಗಳ ನಡುವೆ ಬೈಕ್ ಓಡಿಸುವುದು ಪ್ರಾಣಕ್ಕೆ ಕುತ್ತು ಎಂದರು. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆ ಆರು ಪಥಗಳಲ್ಲಿ ಬೈಕ್ ಬಿಡಿ ಎಂದು ಕೇಳುತ್ತಲೂ ಇಲ್ಲ. ನನ್ನ ತಕರಾರು ಲೆಕ್ಕದ್ದು. ಈ ರಸ್ತೆಯನ್ನು ಎಲ್ಲರೂ ದಶಪಥ ಎಂದು ಕರೆದರು. ಹತ್ತು ಹೇಗಾಯಿತು? ನಡುವೆ ಆರು, ಎರಡೂ ಪಕ್ಕ ಎರಡೆರಡರಂತೆ ಸರ್ವಿಸ್ ರಸ್ತೆಯ ನಾಲ್ಕು. ಹೆಮ್ಮೆಪಡುವಾಗ ನಮ್ಮ ನಾಲ್ಕನ್ನೂ ಸೇರಿಸಿ ಹತ್ತೆಂದು ಎಣಿಸಿದರು. ನಿಷೇಧ ಬಂದ ದಿನ ಆ ನಾಲ್ಕು ಪಥ ಉದ್ದಕ್ಕೂ ಪೂರ್ಣವಾಗಿರಲಿಲ್ಲ. ಸೇತುವೆ ಬಂದಲ್ಲಿ, ರೈಲು ಹಳಿ ಬಂದಲ್ಲಿ ತುಂಡಾಗಿ ನಿಂತಿದ್ದವು. ಸುಂಕ ಮೊದಲು, ನಿಷೇಧ ಆಮೇಲೆ, ದಾರಿ ಎಂದಾದರೂ ಒಂದು ದಿನ. ಈ ಅನುಕ್ರಮಕ್ಕೆ ಸುರಕ್ಷತೆ ಎಂದು ಹೆಸರಿಡಲು ಬರುವುದಿಲ್ಲ.

ದೂರದಿಂದ ನೋಡುವವರಿಗೆ ಇದು ಸಣ್ಣ ತೊಡಕಿನಂತೆ ಕಾಣಬಹುದು. ನಮ್ಮೂರು ಹೆದ್ದಾರಿಯ ಉತ್ತರಕ್ಕಿದೆ. ಎಡಗಡೆ ಸಂಚರಿಸುವ ನಮ್ಮ ದೇಶದಲ್ಲಿ ಮಂಡ್ಯದ ಕಡೆ ಹೋಗುವವರು ದಕ್ಷಿಣದ ಪಕ್ಕದಲ್ಲಿ ಹೋಗಬೇಕು. ಅಂದರೆ ಉತ್ತರದ ಹಳ್ಳಿಗಳವರು ಮೊದಲು ಅಂಡರ್‌ಪಾಸ್ ಹುಡುಕಿಕೊಂಡು ಹೋಗಿ ಆಚೆ ದಾಟಬೇಕು. ಅದು ದೂರವಿದ್ದರೆ ಇದೇ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಎದುರು ಬರುವ ವಾಹನಗಳನ್ನು ತಪ್ಪಿಸಿಕೊಳ್ಳುತ್ತ ಸಾಗುತ್ತಾರೆ. ಆಮೇಲೆ ಟಿ.ವಿ.ಯಲ್ಲಿ ‘ಹಳ್ಳಿಯವರಿಗೆ ಟ್ರಾಫಿಕ್ ಶಿಸ್ತಿಲ್ಲ’ ಎಂಬ ಉಪದೇಶ ಬರುತ್ತದೆ. ದಾಟಲು ದಾರಿ ಕೊಡದೆ ಶಿಸ್ತು ಕೇಳುವುದು ದೊಡ್ಡವರ ಹಳೆಯ ಚಾಳಿ.

ಹೋದ ಸಂಕ್ರಾಂತಿಗೆ ಹೋಗಿದ್ದಾಗ ಅವ್ವನನ್ನು ಕೂರಿಸಿಕೊಂಡು ಮಳವಳ್ಳಿಯ ಚಿಕ್ಕವ್ವನ ಮನೆಗೆ ಹೊರಟೆ. ಮದ್ದೂರಿನಲ್ಲಿ ಹೆದ್ದಾರಿ ದಾಟಿ, ಕೆ.ಎಂ.ದೊಡ್ಡಿ ಮೇಲೆ ಮಳವಳ್ಳಿ. ದೊಡ್ಡಿಯ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು ನಿಂತಾಗ, ಮಂಡಿನೋವಿಗೆ ಮಂಡ್ಯದ ಡಾಕ್ಟರು ಏನೆಂದರು ಎಂದು ಕೇಳಿದೆ. ‘ಹೋಗೋದ್ನೇ ಬುಟ್ಬುಟ್ಟೆ ಕನ್ಮಗ. ಆ ರೋಡ್ ದಾಟಕೆ ನಿಮ್ಮಪ್ಪಂಗೆ ಭಯ. ಬಸ್ಸು ಅಂದ್ರೆ ಎಲ್ಡ್ ಕಡೆ ಇಳ್ದು ಹತ್ಬೇಕು, ಮಂಡಿ ಕೇಳಾಕಿಲ್ಲ’ ಎಂದಳು. ಆಮೇಲೆ ತನಗೆ ತಾನೇ ಹೇಳಿಕೊಂಡಂತೆ, ‘ನಮ್ಮೂರ್ ಮ್ಯಾಲೇ ಹೋಯ್ತದೆ, ನಮ್ಮೂರ್ಗ್ ಬರಾಕಿಲ್ಲ’ ಎಂದಳು. ಫೋನಿನಲ್ಲಿ ಯಾವತ್ತೂ ಹೇಳದಿದ್ದ ಮಾತು. ಬೈಕಿನ ಮೇಲೆ ಮುಖ ನೋಡಿ ಮಾತಾಡುವ ಕಷ್ಟವಿಲ್ಲ. ಎಷ್ಟೋ ಮನೆಗಳಲ್ಲಿ ಮಕ್ಕಳಿಗೂ ಹೆತ್ತವರಿಗೂ ಬಿಡುವಾಗಿ ಮಾತು ನಡೆಯುವುದು ಅಲ್ಲೇ. ನಾವು ಒಂದು ರೌಂಡು ಎಂದುಕೊಳ್ಳುವುದು ಅವರಿಗೆ ಆಸ್ಪತ್ರೆ, ಸಂತೆ, ತವರು, ಸಾವಿನ ಮನೆ. ದೇಶದಲ್ಲಿ ನೋಂದಣಿಯಾದ ವಾಹನಗಳಲ್ಲಿ ಮುಕ್ಕಾಲು ಪಾಲಿನಷ್ಟು ದ್ವಿಚಕ್ರ ವಾಹನಗಳೇ. ಇಷ್ಟು ಜನರ ದಾರಿಯನ್ನು ಪಕ್ಕದ ಕೆಲಸ ಎಂದು ಎಣಿಸುವುದು ಯಾವ ನ್ಯಾಯ?

ಇನ್ನು ಜೀವದ ಕಾಳಜಿಯ ಮಾತು. ಹೆದ್ದಾರಿಯಿಂದ ಇಳಿಸಿದ ಬೈಕುಗಳು ಹೋಗುವುದು ಊರ ರಸ್ತೆಗಳಿಗೆ. ನಮ್ಮ ಜಿಲ್ಲೆಯಲ್ಲಿ ಅಂಥ ಎಷ್ಟೋ ರಸ್ತೆಗಳು ನಾಲೆಯ ಏರಿಯ ಮೇಲೆಯೇ ಸಾಗುತ್ತವೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತರು. ಅವರಲ್ಲಿ ಶಾಲಾ ಮಕ್ಕಳೂ ಇದ್ದರು. ತಡೆಗೋಡೆಯ ಮಾತು ಅಂದಿನಿಂದಲೂ ಕೇಳುತ್ತಿದೆ. ಐದು ವರ್ಷಗಳ ನಂತರ, ಬೈಕುಗಳಿಗೆ ನಿಷೇಧ ಬಂದ ಅದೇ 2023ರಲ್ಲಿ, ಗಾಮನಹಳ್ಳಿಯ ಬಳಿಯೂ ಬನಘಟ್ಟದ ಬಳಿಯೂ ಕಾರುಗಳು ಅದೇ ನಾಲೆಗೆ ಬಿದ್ದು ಮತ್ತೆ ಸಾವುಗಳಾದವು. ನಮ್ಮ ಜೀವದ ಮೇಲೆ ನಿಜಕ್ಕೂ ಅಷ್ಟು ಅಕ್ಕರೆ ಇದ್ದಿದ್ದರೆ ಅದು ಹೆದ್ದಾರಿಯ ಬೇಲಿಯ ಹತ್ತಿರವೇ ಯಾಕೆ ನಿಂತುಬಿಡುತ್ತದೆ? ವೇಗವಾಗಿ ಹೋಗುವವರ ದಾರಿಗೆ ಅಡ್ಡ ಬಂದಾಗ ಮಾತ್ರ ನೆನಪಾಗುವ ಜೀವ ನಮ್ಮದೇ?

ಇಷ್ಟೆಲ್ಲ ಆಗುವಾಗ ನಾವು, ಓದು ಬರಹ ಎಂದು ಊರು ಬಿಟ್ಟವರು, ಏನು ಬರೆದೆವು ಎಂದು ಕೇಳಿಕೊಳ್ಳಬೇಕು. ಮೂರು ಗಂಟೆಯ ಪ್ರಯಾಣ ಒಂದೂವರೆ ಗಂಟೆಗೆ ಇಳಿದದ್ದನ್ನು ನಮ್ಮ ವರ್ಗ ಸಂಭ್ರಮಿಸಿತು. ಹಳೆ ರಸ್ತೆಯ ಹೋಟೆಲುಗಳಲ್ಲಿ ಮದ್ದೂರು ವಡೆಗೆ ಗಿರಾಕಿಗಳು ಕಡಿಮೆಯಾದರೆಂದು ಮರುಗಿತು. ವಡೆಯ ಬಗ್ಗೆ ಮರುಗಿದಷ್ಟೂ ವಡೆ ಮಾಡುವವನು ಕೆಲಸ ಮುಗಿಸಿ ಬೈಕಿನಲ್ಲಿ ಮನೆಗೆ ಹೇಗೆ ಹೋಗುತ್ತಾನೆ ಎಂದು ಯೋಚಿಸಲಿಲ್ಲ. ಇದೇ ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿ ರಾಮಣ್ಣ ವೃತ್ತಿಯಲ್ಲಿ ವೈದ್ಯರು. ಅವರ ಕತೆಗಳಲ್ಲಿ ಹಳ್ಳಿ ಗೋಡೆಗೆ ತೂಗುಹಾಕುವ ಚಿತ್ರವಲ್ಲ. ಅಲ್ಲಿ ಯಾರ ಕೈ ಮೇಲು, ಯಾರ ಹೊಟ್ಟೆ ಖಾಲಿ ಎಂಬುದು ಮುಚ್ಚುಮರೆಯಿಲ್ಲದೆ ಇದೆ. ಆ ಪರಂಪರೆಯ ವಾರಸುದಾರರು ನಾವೆಂದು ಸೆಮಿನಾರುಗಳಲ್ಲಿ ಹೇಳಿಕೊಳ್ಳುವವರಿಗೆ ಒಂದು ಅಂಡರ್‌ಪಾಸ್ ಸಾಹಿತ್ಯದ ವಸ್ತುವಾಗಿ ಕಾಣದಿದ್ದರೆ ಕೊರತೆ ಅಂಡರ್‌ಪಾಸಿನದಲ್ಲ.

ಕೇಳುತ್ತಿರುವುದು ದೊಡ್ಡದೇನಲ್ಲ. ಸರ್ವಿಸ್ ರಸ್ತೆ ಎರಡೂ ಬದಿ ಎಲ್ಲೂ ತುಂಡಾಗದೆ ಇರಲಿ. ಹಳ್ಳಿಯವರಿಗೆ ಹತ್ತಿರದಲ್ಲೇ ದಾಟುವ ದಾರಿ, ಅಲ್ಲಿ ಬೆಳಕು, ಮಳೆ ಬಂದರೆ ನೀರು ನಿಲ್ಲದ ವ್ಯವಸ್ಥೆ ಇರಲಿ. ನಾಲೆಯ ಏರಿಗಳಿಗೆ ತಡೆಗೋಡೆ ಬರಲಿ. ಈ ರಸ್ತೆಗೆ ಭೂಮಿ ಬಿಟ್ಟುಕೊಟ್ಟವರಲ್ಲಿ ಮಂಡ್ಯದ ರೈತರೂ ಇದ್ದಾರೆ. ಅವರು ಬೇಡುತ್ತಿರುವುದು ಭಿಕ್ಷೆಯಲ್ಲ, ಹತ್ತರ ಲೆಕ್ಕದಲ್ಲಿ ಆಗಲೇ ತೋರಿಸಿರುವ ತಮ್ಮ ನಾಲ್ಕನ್ನು. ಅದನ್ನು ಪೂರ್ತಿ ಮಾಡಿಕೊಡುವವರೆಗೆ ದಶಪಥ ಎನ್ನುವುದನ್ನು ನಿಲ್ಲಿಸೋಣ. ಆರು ಪಥದ ರಸ್ತೆಯನ್ನು ಆರು ಎಂದೇ ಕರೆಯೋಣ.