ಪ್ರಥಮ ಋತುವಿನ ಫಲ

ಮನುಷ್ಯನೊಬ್ಬನು ತಾನು ಹಿಡಿದ ವೃತ್ತಿಗೆ ಕಾಲಿಟ್ಟ ಮೊದಲನೆಯ ವರ್ಷದಲ್ಲಿಯೇ, ಆ ವೃತ್ತಿಯಲ್ಲಿ ತಲೆ ನರೆತವರು ಕೂಡ ಬೆರಗಾಗುವಂಥ ಕೆಲಸವನ್ನು ಮಾಡಿ ತೋರಿಸಿದನೆಂದರೆ, ನೋಡಿದವರ ಮನಸ್ಸು ಆ ಕೆಲಸದ ಮೇಲೆಯೇ ನೆಲೆ ನಿಲ್ಲುವುದು ಅಪರೂಪ. ಅದು ಕೂಡಲೆ ಮುಂದಿನ ಹತ್ತು ವರ್ಷಗಳ ಕಡೆಗೆ ಹಾರುತ್ತದೆ. ಬೆಳೆಯುವ ಪೈರನ್ನು ಮೊಳಕೆಯಲ್ಲಿಯೇ ನೋಡಬೇಕೆಂಬ ಗಾದೆ ನಮ್ಮ ನಾಲಗೆಯ ತುದಿಯಲ್ಲಿದೆಯಷ್ಟೆ. ಆ ಗಾದೆಯ ಮಾತು ಎಷ್ಟರ ಮಟ್ಟಿಗೆ ನಿಜ, ಅದನ್ನು ಪೂರ್ತಿಯಾಗಿ ನಂಬಿ ನಡೆಯುವುದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬುದನ್ನು ವಿವೇಚಿಸುವುದಕ್ಕೆ ಅಮೆರಿಕದ ವೃತ್ತಿಪರ ಫುಟ್‌ಬಾಲಿಗಿಂತ ತಕ್ಕುದಾದ ಕ್ಷೇತ್ರ ನನಗೆ ಕಂಡಿಲ್ಲ. ಏಕೆಂದರೆ ಅಲ್ಲಿ ಆಟಗಾರನ ಆಯುಷ್ಯ ಅತ್ಯಲ್ಪ, ದೇಹಕ್ಕೆ ಬೀಳುವ ಪೆಟ್ಟು ಅತ್ಯಧಿಕ, ಮತ್ತು ಹೊಸಬನ ಬೆಲೆಯನ್ನು ಕಟ್ಟುವ ಪದ್ಧತಿ ಸರ್ವಜನರ ಕಣ್ಣೆದುರಿಗೇ ನಡೆಯತಕ್ಕದ್ದು.

ಅಲ್ಲಿ ಫುಟ್‌ಬಾಲೆಂದರೆ ನಾವು ಬಲ್ಲ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಓಡಿಯೋ, ಜೊತೆಗಾರನ ಕೈಗೆ ಎಸೆದೋ, ಎದುರಾಳಿಗಳ ದೇಹದ ಗೋಡೆಯನ್ನು ಭೇದಿಸಿಕೊಂಡು, ನೂರು ಗಜದ ಅಂಗಣದ ಕೊನೆಯ ಗೆರೆಯನ್ನು ದಾಟಿಸುವುದು ಅದರ ಗುರಿ. ದಾಟಿಸಿದರೆ ಟಚ್‌ಡೌನ್, ಅಂದರೆ ಆರು ಅಂಕ. 1920ರಲ್ಲಿ ಓಹಾಯೋ ರಾಜ್ಯದ ಕ್ಯಾಂಟನ್ ಪಟ್ಟಣದಲ್ಲಿ ಹುಟ್ಟಿ, 1922ರಿಂದ ನ್ಯಾಷನಲ್ ಫುಟ್‌ಬಾಲ್ ಲೀಗ್ ಎಂಬ ಹೆಸರನ್ನು ಧರಿಸಿದ ಸಂಘದಲ್ಲಿ ಈಗ 32 ತಂಡಗಳಿವೆ. ಕಾಲೇಜುಗಳಲ್ಲಿ ಆಡಿ ಹೆಸರಾದ ತರುಣರನ್ನು ಈ ತಂಡಗಳು ವರ್ಷಕ್ಕೊಮ್ಮೆ ಸರದಿಯಂತೆ ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎಂದು ಹೆಸರು. ಫಿಲಡೆಲ್ಫಿಯಾ ತಂಡದ ಒಡೆಯನಾಗಿದ್ದ ಬರ್ಟ್ ಬೆಲ್ ಎಂಬಾತನು ಸೂಚಿಸಿ, 1936ರಲ್ಲಿ ಮೊದಲಾದ ಈ ಪದ್ಧತಿಯ ಮರ್ಮವೇನೆಂದರೆ, ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ ಆಯ್ಕೆಯ ಮೊದಲ ಹಕ್ಕು. ದುರ್ಬಲನಿಗೆ ಬಲ ಬರಲಿ, ಸ್ಪರ್ಧೆ ಸಮನಾಗಲಿ ಎಂಬುದು ಇದರ ಸದುದ್ದೇಶ. ಹೀಗೆ ಆಯ್ಕೆಯಾಗಿ ಮೊದಲ ವರ್ಷ ಆಡುವವನನ್ನು ಅಲ್ಲಿ ರೂಕಿ ಎಂದು ಕರೆಯುತ್ತಾರೆ.

ರೂಕಿಯ ಮೊದಲ ಋತುವನ್ನು ಭವಿಷ್ಯವಾಣಿಯೆಂದು ಓದುವ ಅಭ್ಯಾಸವನ್ನು ಮೊದಲು ಪರೀಕ್ಷಿಸೋಣ. 1998ರಲ್ಲಿ ಪೇಟನ್ ಮ್ಯಾನಿಂಗ್ ಮತ್ತು ರಯನ್ ಲೀಫ್ ಎಂಬ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳು, ಎಂದರೆ ತಂಡದ ಆಟಕ್ಕೆಲ್ಲ ಸೂತ್ರಧಾರರಾಗಿ ಚೆಂಡನ್ನು ಎಸೆಯತಕ್ಕವರು, ಕ್ರಮವಾಗಿ ಮೊದಲನೆಯವರೂ ಎರಡನೆಯವರೂ ಆಗಿ ಆಯ್ಕೆಯಾದರು. ಇಬ್ಬರಲ್ಲಿ ಯಾರು ಮೇಲೆಂದು ಬಲ್ಲವರೇ ವಾದಿಸುತ್ತಿದ್ದ ಕಾಲವದು. ಆ ವರ್ಷ ಲೀಫ್ 2 ಟಚ್‌ಡೌನ್‌ಗಳಿಗೆ ಚೆಂಡೆಸೆದು, 15 ಸಲ ಅದನ್ನು ಎದುರಾಳಿಯ ಕೈಗೆ ಒಪ್ಪಿಸಿದನು. ಇಷ್ಟನ್ನು ಕೇಳಿ ಆತನ ಮುಂದಿನ ದುರ್ಗತಿ ಆಗಲೇ ಬರೆದಿತ್ತೆಂದು ಹೇಳುವವರು ಮ್ಯಾನಿಂಗನ ಲೆಕ್ಕವನ್ನೂ ನೋಡಬೇಕು. ಆತನು ಚೆಂಡನ್ನು ಎದುರಾಳಿಯ ಪಾಲು ಮಾಡಿದ್ದು 28 ಸಲ. ರೂಕಿಗಳ ಪೈಕಿ ಅಷ್ಟು ತಪ್ಪುಗಳನ್ನು ಮಾಡಿದವನು ಬೇರೊಬ್ಬನಿಲ್ಲ. ಆತನ ತಂಡ 16 ಪಂದ್ಯಗಳಲ್ಲಿ 13ನ್ನು ಸೋತಿತು. ಮರುವರ್ಷ ಅದೇ ತಂಡ ಅದೇ ಆಟಗಾರನ ಮುಂದಾಳುತನದಲ್ಲಿ 13 ಪಂದ್ಯಗಳನ್ನು ಗೆದ್ದಿತು. ಇನ್ನು 2000ದಲ್ಲಿ 199ನೆಯವನಾಗಿ ಆಯ್ಕೆಯಾದ ಟಾಮ್ ಬ್ರೇಡಿ ತನ್ನ ಮೊದಲ ಋತುವಿನಲ್ಲೆಲ್ಲ ಎಸೆದದ್ದು ಮೂರೇ ಎಸೆತ. ಗುರಿ ಮುಟ್ಟಿದ್ದು ಒಂದು. ಗಳಿಸಿದ್ದು 6 ಗಜ. ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲನ್ನು ಏಳು ಸಲ ಗೆಲ್ಲಲಿದ್ದವನ ಮೊಳಕೆಯಲ್ಲಿ ಯಾವ ಜ್ಯೋತಿಷಿಗೂ ಏನೂ ಕಾಣುವಂತಿರಲಿಲ್ಲ. ಒಂದೇ ಬಗೆಯ ಮೊಳಕೆಯಿಂದ ಒಂದು ಕಡೆ ವಟವೃಕ್ಷವೂ ಇನ್ನೊಂದು ಕಡೆ ಬರಿಯ ಒಣಕಡ್ಡಿಯೂ ಉಂಟಾಗುವುದಾದರೆ, ಮೊಳಕೆಯನ್ನು ಸಾಕ್ಷಿಯಾಗಿ ಕರೆಯುವವರು ಎಚ್ಚರದಿಂದಿರಬೇಕು.

ಮೊಳಕೆಯ ಮಾತು ಬಂದ ಮೇಲೆ ಮಣ್ಣಿನ ಮಾತೂ ಬರಬೇಕು. ಡ್ರಾಫ್ಟಿನ ಪದ್ಧತಿಯೇ ಅತ್ಯುತ್ತಮನಾದವನನ್ನು ಅತ್ಯಂತ ಸಾರಹೀನವಾದ ಹೊಲಕ್ಕೆ ಕಳುಹಿಸತಕ್ಕದ್ದು. ತಡವಾಗಿ ಆಯ್ಕೆಯಾದವನಿಗೆ ಕೆಲವೊಮ್ಮೆ ಗೊಬ್ಬರ ಹಾಕಿ ಹದ ಮಾಡಿದ ನೆಲವೇ ದೊರೆಯುತ್ತದೆ. 2004ರಲ್ಲಿ ಬೆನ್ ರಾಥ್ಲಿಸ್‌ಬರ್ಗರ್ ಎಂಬ ಹೊಸಬನು, ಹಿರಿಯ ಕ್ವಾರ್ಟರ್‌ಬ್ಯಾಕಿಗೆ ಗಾಯವಾದುದರಿಂದ ಪಿಟ್ಸ್‌ಬರ್ಗ್ ತಂಡದ ಮುಂದಾಳಾಗಿ ನಿಂತು, ಋತುವಿನ ಸಾಮಾನ್ಯ ಪಂದ್ಯಗಳಲ್ಲಿ ತಾನು ಆರಂಭಿಸಿದ ಹದಿಮೂರನ್ನೂ ಗೆದ್ದನು. ಆತನ ಧೈರ್ಯ ಸಾಮರ್ಥ್ಯಗಳು ದೊಡ್ಡವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆತನ ಬೆನ್ನ ಹಿಂದೆ ಲೀಗಿನಲ್ಲಿಯೇ ಶ್ರೇಷ್ಠವಾದ ರಕ್ಷಣಾಪಡೆಯೊಂದಿದ್ದಿತು. 2023ರಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡದ ಪುಕಾ ನಕುವಾ, ತನಗಿಂತ ಮುಂಚೆ 176 ಮಂದಿ ಆಯ್ಕೆಯಾಗಿ ಹೋದ ಮೇಲೆ ಬಂದವನು, ಎಸೆತಗಳನ್ನು ಹಿಡಿದು 1,486 ಗಜಗಳನ್ನು ಸಂಪಾದಿಸಿ, 1960ರಿಂದ ನಿಂತಿದ್ದ ರೂಕಿಗಳ ದಾಖಲೆಯನ್ನು ಮುರಿದನು. ಆತನಿಗೆ ಚೆಂಡೆಸೆಯುತ್ತಿದ್ದವನು ಸೂಪರ್ ಬೌಲ್ ಗೆದ್ದ ಅನುಭವಿ ಮ್ಯಾಥ್ಯೂ ಸ್ಟ್ಯಾಫರ್ಡ್. ಅದೇ ವರ್ಷ ಹ್ಯೂಸ್ಟನ್ ತಂಡದ ಸಿ. ಜೆ. ಸ್ಟ್ರೌಡ್ 4,108 ಗಜಗಳಷ್ಟು ಎಸೆದು, 23 ಟಚ್‌ಡೌನ್‌ಗಳಿಗೆ ಕಾರಣನಾಗಿ, ಐದು ಸಲ ಮಾತ್ರ ಚೆಂಡನ್ನು ಕಳೆದುಕೊಂಡನು. ಹಿಂದಿನ ವರ್ಷ ಮೂರೇ ಪಂದ್ಯ ಗೆದ್ದಿದ್ದ ತಂಡ ಹತ್ತನ್ನು ಗೆದ್ದಿತು. ಮರುವರ್ಷ ಆತನ ಮುಂದೆ ನಿಂತು ಕಾಯಬೇಕಾದವರು ಸಡಿಲಿದಾಗ ಎದುರಾಳಿಗಳು ಆತನನ್ನು ಚೆಂಡೆಸೆಯುವ ಮೊದಲೇ 52 ಸಲ ನೆಲಕ್ಕೆ ಕೆಡವಿದರು. ಕಳೆದುಕೊಂಡ ಚೆಂಡುಗಳು ಹನ್ನೆರಡಾದವು. ಒಂದೇ ವರ್ಷದಲ್ಲಿ ಪ್ರತಿಭೆ ಬತ್ತಿತೆನ್ನೋಣವೆ? ಪ್ರತಿಭೆ ಅಲ್ಲಿಯೇ ಇದ್ದಿತು. ಅದರ ಸುತ್ತಲಿನ ಆವರಣ ಬದಲಾಗಿತ್ತು.

ಇಲ್ಲಿಗೆ ಬಂದ ವಿಚಾರಪರನು ಇನ್ನೊಂದು ತುದಿಗೆ ಜಾರುವ ಸಂಭವವುಂಟು. ಮೊದಲ ವರ್ಷದ ಕಾಂತಿಯು ಭವಿಷ್ಯದ ಸಾಕ್ಷಿಯೂ ಅಲ್ಲ, ಪೂರ್ತಿಯಾಗಿ ಆಟಗಾರನ ಸ್ವಂತದ್ದೂ ಅಲ್ಲವೆಂದ ಮೇಲೆ, ಅದು ಅದೃಷ್ಟದ ಆಟ, ನೀರಮೇಲಣ ಗುಳ್ಳೆ. ಅದನ್ನು ಕೊಂಡಾಡುವುದೇ ಅವಿವೇಕ ಎಂದು ಆತನು ಹೇಳಬಹುದು. ಈ ಮಾತನ್ನು ನಾನು ಒಪ್ಪಲಾರೆ. ಒಪ್ಪದಿರುವುದಕ್ಕೆ ಗೇಲ್ ಸೇಯರ್ಸ್ ಒಬ್ಬನೇ ಸಾಕು.

1965ರಲ್ಲಿ ಶಿಕಾಗೋ ಬೇರ್ಸ್ ತಂಡವನ್ನು ಸೇರಿದ ಸೇಯರ್ಸ್, ಚೆಂಡನ್ನು ಹೊತ್ತು ಓಡತಕ್ಕ ರನ್ನಿಂಗ್ ಬ್ಯಾಕ್. ಆ ವರ್ಷದ ಡಿಸೆಂಬರ್ 12ರಂದು ರಿಗ್ಲೀ ಫೀಲ್ಡಿನ ಅಂಗಣ ಮಳೆಯಿಂದ ಕೆಸರುಗದ್ದೆಯಾಗಿದ್ದಿತು. ಉಳಿದವರೆಲ್ಲ ಹೆಜ್ಜೆ ಊರಲಾರದೆ ಜಾರುತ್ತಿದ್ದ ಆ ಕೆಸರಿನಲ್ಲಿ ಈ ಹೊಸಬನು, ತನಗೊಬ್ಬನಿಗೆ ಮಾತ್ರ ಗಟ್ಟಿ ನೆಲ ದೊರೆತಿದೆಯೋ ಎಂಬಂತೆ, ಬಳುಕಿ, ತಿರುಗಿ, ನುಸುಳಿ, ಸ್ಯಾನ್ ಫ್ರಾನ್ಸಿಸ್ಕೋ ತಂಡದ ಮೇಲೆ ಒಂದೇ ಪಂದ್ಯದಲ್ಲಿ ಆರು ಟಚ್‌ಡೌನ್‌ಗಳನ್ನು ಗಳಿಸಿದನು. ಅವುಗಳಲ್ಲಿ ಕೊನೆಯದು, ಎದುರಾಳಿ ಒದ್ದು ಕಳುಹಿಸಿದ ಚೆಂಡನ್ನು ಹಿಡಿದು 85 ಗಜ ಓಡಿ ತಂದದ್ದು. ಆ ಋತುವಿನಲ್ಲಿ ಆತನ ಒಟ್ಟು ಟಚ್‌ಡೌನ್‌ಗಳು 22. ರೂಕಿಗಳಲ್ಲಿ ಆ ಸಂಖ್ಯೆಯನ್ನು ಇಂದಿಗೂ ಯಾರೂ ಮೀರಿಲ್ಲ. ಮೂರು ವರ್ಷಗಳ ಮೇಲೆ ಬಲಮೊಣಕಾಲಿನ ಅಸ್ಥಿರಜ್ಜುಗಳು ಹರಿದವು. ಮರುವರ್ಷ ಮರಳಿ ಬಂದು ಲೀಗಿನಲ್ಲಿಯೇ ಹೆಚ್ಚು ಗಜಗಳನ್ನು ಓಡಿದನು. ಆಮೇಲೆ ಎಡಮೊಣಕಾಲೂ ಕೈಕೊಟ್ಟಿತು. ಆತನು ಆಡಿದ ಪಂದ್ಯಗಳು ಒಟ್ಟಿಗೆ 68. ಆದರೂ 1977ರಲ್ಲಿ, 34ನೆಯ ವಯಸ್ಸಿನಲ್ಲಿ, ಕ್ಯಾಂಟನ್ನಿನ ಕೀರ್ತಿಮಂದಿರಕ್ಕೆ ಆತನನ್ನು ಬರಮಾಡಿಕೊಂಡರು. ಅಷ್ಟು ಎಳೆಯ ವಯಸ್ಸಿನಲ್ಲಿ ಆ ಗೌರವವನ್ನು ಪಡೆದವನು ಮತ್ತೊಬ್ಬನಿಲ್ಲ. ದೀರ್ಘವಾದ ಬಾಳುವೆಯಿಂದ ಬರತಕ್ಕ ಯಾವ ಮೊತ್ತವೂ ಇಲ್ಲದ ಆ ಮನುಷ್ಯನನ್ನು ಗೌರವಿಸಿದಾಗ ಆ ಹಿರಿಯರು ಒಂದು ಸತ್ಯವನ್ನು ಒಪ್ಪಿಕೊಂಡರೆಂದು ನಾನು ತಿಳಿಯುತ್ತೇನೆ: ಆ ಕೆಸರಿನ ದಿನ ನಡೆದದ್ದು ಮುಂದೆ ನಡೆಯಲಿದ್ದ ಯಾವುದೋ ಒಂದರ ಮುನ್ಸೂಚನೆಯಾಗಿರಲಿಲ್ಲ, ಅದು ತಾನೇ ಪೂರ್ಣವಾದ ಫಲವಾಗಿದ್ದಿತು. ಮುಂದೆ ಮೊಣಕಾಲು ಮುರಿದದ್ದರಿಂದ ಅದರ ರುಚಿ ಕಡಿಮೆಯಾಗಲಿಲ್ಲ. ಮುರಿಯದೆ ಇದ್ದಿದ್ದರೂ ಅದು ಹೆಚ್ಚಾಗುತ್ತಿರಲಿಲ್ಲ.

ಈ ಮಾತು ಸೇಯರ್ಸನಿಗೊಬ್ಬನಿಗೆ ಸಲ್ಲತಕ್ಕದ್ದಲ್ಲ. 1981ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡದ ಲಾರೆನ್ಸ್ ಟೇಲರ್, ರಕ್ಷಣಾಪಡೆಯ ಹೊಸಬರಲ್ಲಿ ಶ್ರೇಷ್ಠನೆಂಬ ಬಹುಮಾನವನ್ನೂ, ಹೊಸಬರು ಹಳಬರೆನ್ನದೆ ಆ ಪಡೆಯವರೆಲ್ಲರಲ್ಲಿ ಶ್ರೇಷ್ಠನೆಂಬ ಬಹುಮಾನವನ್ನೂ ಒಂದೇ ವರ್ಷದಲ್ಲಿ ಪಡೆದನು. ಹಿಂದಿನ ವರ್ಷ ನಾಲ್ಕೇ ಪಂದ್ಯ ಗೆದ್ದಿದ್ದ ತಂಡ 1963ರಿಂದೀಚೆಗೆ ಮೊದಲನೆಯ ಬಾರಿ ಅಂತಿಮ ಸುತ್ತುಗಳ ಅರ್ಹತೆಯನ್ನು ಸಂಪಾದಿಸಿತು. 1983ರಲ್ಲಿ ಎರಿಕ್ ಡಿಕರ್ಸನ್ ತನ್ನ ಮೊದಲ ಋತುವಿನಲ್ಲಿ 390 ಸಲ ಚೆಂಡನ್ನು ಹೊತ್ತು 1,808 ಗಜ ಓಡಿದನು. ಆ ರೂಕಿ ದಾಖಲೆ ಈಗಲೂ ನಿಂತಿದೆ. 390 ಸಲ ಹೊತ್ತನೆಂದರೆ ಅಷ್ಟು ಸಲವೂ ತನ್ನಷ್ಟೇ ಬಲಿಷ್ಠರಾದವರ ಡಿಕ್ಕಿಗೆ ಮೈಯನ್ನು ಒಡ್ಡಿದನೆಂದು ಅರ್ಥ. ಇದನ್ನು ಮೊಳಕೆಯೆಂದು ಕರೆಯುವುದು ಭಾಷೆಗೆ ಮಾಡುವ ಅನ್ಯಾಯ.

ಮೊಳಕೆಯೋ ಫಲವೋ ಎಂಬ ಈ ಭೇದ ಬರಿಯ ಪದಗಳ ಚಮತ್ಕಾರವಲ್ಲ. ಅದರಿಂದ ಹುಟ್ಟುವ ಆಚರಣೆಗಳಲ್ಲಿ ಮನುಷ್ಯರ ಮೈಯೂ ಅನ್ನವೂ ಸಿಕ್ಕಿಕೊಂಡಿವೆ. ಮೊದಲು ಮೈಯ ವಿಚಾರ. 2012ರಲ್ಲಿ ವಾಷಿಂಗ್ಟನ್ ತಂಡವು ತನ್ನ ಅನೇಕ ವರ್ಷಗಳ ಆಯ್ಕೆಯ ಹಕ್ಕುಗಳನ್ನು ಬಿಟ್ಟುಕೊಟ್ಟು ಪಡೆದ ರಾಬರ್ಟ್ ಗ್ರಿಫಿನ್, ಎಸೆತದಲ್ಲಿಯೂ ಓಟದಲ್ಲಿಯೂ ಅದ್ಭುತನೆನಿಸಿ ಆ ವರ್ಷದ ಶ್ರೇಷ್ಠ ಆಕ್ರಮಣಕಾರಿ ರೂಕಿಯಾದನು. ಡಿಸೆಂಬರಿನಲ್ಲಿ ಆತನ ಮೊಣಕಾಲಿಗೆ ಪೆಟ್ಟಾಯಿತು. 2013ರ ಜನವರಿ 6ರಂದು ಸಿಯಾಟಲ್ ತಂಡದ ಎದುರು, ಕುಂಟುತ್ತಿರುವುದು ನೋಟಕರಿಗೆಲ್ಲ ಕಾಣುತ್ತಿದ್ದರೂ, ಆಡುವೆನೆಂದು ಆತನು ಹಟ ಹಿಡಿದನು. ಆಡಲೆಂದು ಹಿರಿಯರು ಬಿಟ್ಟರು. ಪಂದ್ಯದ ಕೊನೆಯ ಕಾಲುಭಾಗದಲ್ಲಿ ಮೊಣಕಾಲು ಮುರುಟಿ ನೆಲಕ್ಕೆ ಬಿದ್ದನು. ಆಮೇಲೆ ಆತನು ಹಿಂದಿನ ಗ್ರಿಫಿನ್ ಆಗಲೇ ಇಲ್ಲ. ಇಪ್ಪತ್ತೆರಡರ ಹರೆಯದವನು ಹಟ ಹಿಡಿಯುವುದು ಸಹಜ. ಬೇಡವೆನ್ನುವುದು ಹಿರಿಯರ ಧರ್ಮವಾಗಿತ್ತು. ಮುಂದಿನ ಹತ್ತು ವರ್ಷ ಹೇಗೂ ನಮ್ಮದೇ ಎಂಬ ನಂಬಿಕೆ ಮನಸ್ಸಿನಲ್ಲಿ ಊರಿದಾಗ ಇಂದಿನ ಮೈಯನ್ನು ಖರ್ಚು ಮಾಡುವ ಕೈ ಸಡಿಲವಾಗುತ್ತದೆ. ಭವಿಷ್ಯವನ್ನು ಖಚಿತವೆಂದು ಎಣಿಸುವವನೇ ಅದನ್ನು ಬೇಗ ಕಳೆಯುವನು.

ಎರಡನೆಯದು ಅನ್ನದ ವಿಚಾರ. 2010ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಸ್ಯಾಮ್ ಬ್ರಾಡ್‌ಫರ್ಡನಿಗೆ ಒಂದು ಪಂದ್ಯವನ್ನೂ ಆಡುವ ಮುಂಚೆ ಆರು ವರ್ಷಗಳಿಗೆ 7 ಕೋಟಿ 80 ಲಕ್ಷ ಡಾಲರುಗಳ ಕರಾರು ದೊರೆತಿತು. 2011ರಲ್ಲಿ ತಂಡಗಳ ಒಡೆಯರೂ ಆಟಗಾರರ ಸಂಘವೂ ಸೇರಿ ಹೊಸ ಒಪ್ಪಂದ ಮಾಡಿಕೊಂಡು, ರೂಕಿಗಳ ಸಂಬಳಕ್ಕೆ ಆಯ್ಕೆಯ ಕ್ರಮಾಂಕಕ್ಕನುಸಾರವಾಗಿ ಮಿತಿ ಕಟ್ಟಿದರು. ಆ ವರ್ಷದ ಮೊದಲಿಗ ಕ್ಯಾಮ್ ನ್ಯೂಟನನ ಪಾಲಿಗೆ ಬಂದದ್ದು ನಾಲ್ಕು ವರ್ಷಗಳಿಗೆ ಸುಮಾರು 2 ಕೋಟಿ 20 ಲಕ್ಷ. ಈ ಸುಧಾರಣೆಯ ಪಕ್ಷದಲ್ಲಿ ನ್ಯಾಯವಿರಲಿಲ್ಲವೆಂದು ಹೇಳಲಾರೆ. ಪರೀಕ್ಷೆಗೆ ನಿಲ್ಲದ ತರುಣನಿಗೆ ರಾಶಿ ಹಣ, ಹತ್ತು ವರ್ಷ ದುಡಿದವನಿಗೆ ಅದಕ್ಕಿಂತ ಕಡಿಮೆ ಎಂಬುದು ವಿಪರೀತವೇ ಸರಿ. 2007ರಲ್ಲಿ ಮೊದಲನೆಯವನಾಗಿ ಆಯ್ಕೆಯಾಗಿ ಅಪಾರ ಧನವನ್ನು ಪಡೆದ ಜಮಾರ್ಕಸ್ ರಸೆಲ್ ಮೂರು ಋತುಗಳೊಳಗೆ ಲೀಗಿನಿಂದಲೇ ಮರೆಯಾದದ್ದು ಎಲ್ಲರಿಗೂ ನೆನಪಿದ್ದಿತು. ಮೊಳಕೆಗೆ ಫಲದ ಬೆಲೆಯನ್ನು ಕೊಡಬಾರದೆಂದು ಅವರು ನಿಶ್ಚಯಿಸಿದರು, ಅದು ಸಾಧುವೇ.

ಆದರೆ ಅದೇ ನಿಯಮ, ಫಲ ಕೈಗೆ ಬಂದ ಮೇಲೂ ಅದನ್ನು ಮೊಳಕೆಯೆಂದೇ ಎಣಿಸುತ್ತದೆ. ಡ್ರಾಫ್ಟಿನಲ್ಲಿ ಆಯ್ಕೆಯಾದವನು ಮೂರು ಋತುಗಳು ಮುಗಿಯುವವರೆಗೆ ತನ್ನ ಕರಾರನ್ನು ತಿದ್ದಿ ಬರೆಯಿಸಿಕೊಳ್ಳುವಂತಿಲ್ಲ. 2016ರಲ್ಲಿ 135ನೆಯವನಾಗಿ ಬಂದ ಡ್ಯಾಕ್ ಪ್ರೆಸ್ಕಾಟ್, ಮೊದಲ ವರ್ಷವೇ ಡಲ್ಲಾಸ್ ತಂಡವನ್ನು 13 ಗೆಲುವುಗಳಿಗೆ ಒಯ್ದು ಶ್ರೇಷ್ಠ ರೂಕಿಯೆನಿಸಿದನು. ನಾಲ್ಕು ವರ್ಷಗಳ ಆತನ ಕರಾರು ಒಟ್ಟಿಗೆ ಸುಮಾರು 27 ಲಕ್ಷ ಡಾಲರುಗಳದು. ಅಂಗಣದಲ್ಲಿ ಕಳೆದ ಅವಧಿಗನುಸಾರವಾಗಿ ಒಂದಿಷ್ಟು ಹೆಚ್ಚುವರಿ ಹಣವನ್ನು ಹಂಚುವ ಏರ್ಪಾಡು ಉಂಟಾದರೂ ಅದು ಕೊರತೆಯನ್ನು ತುಂಬತಕ್ಕದ್ದಲ್ಲ. ಕ್ವಾರ್ಟರ್‌ಬ್ಯಾಕಾದ ಪ್ರೆಸ್ಕಾಟ್ ಕಾದನು. 2021ರಲ್ಲಿ 16 ಕೋಟಿ ಡಾಲರುಗಳ ಕರಾರು ಕೈಗೆ ಬಂತು. ಸೇಯರ್ಸ್, ಡಿಕರ್ಸನ್‌ರಂತೆ ಚೆಂಡು ಹೊರುವವನ ಗತಿ ಬೇರೆ. ಆತನ ಕಾಲುಗಳ ಸಾರವೆಲ್ಲ ಹೀರಿಹೋಗುವುದು ಆ ಮೊದಲ ಮೂರು ನಾಲ್ಕು ವರ್ಷಗಳಲ್ಲಿಯೇ. ಹಣದ ಮಾತಿಗೆ ಆತನು ಕುಳಿತುಕೊಳ್ಳುವ ಹೊತ್ತಿಗೆ, ನಿನ್ನ ಉತ್ತಮ ದಿನಗಳು ಕಳೆದವೆಂದು ಎದುರಿಗಿರುವವನು ಹೇಳುತ್ತಾನೆ. ಮೊದಲು, ನೀನಿನ್ನೂ ಮೊಳಕೆ. ಆಮೇಲೆ, ನೀನು ಆಗಲೇ ಒಣಗಿದ ಮರ. ಈ ಎರಡು ಮಾತುಗಳ ನಡುವೆ ಹಣ್ಣನ್ನು ತಿಂದವರು ಯಾರು ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ಹೋಗುತ್ತದೆ.

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ಡ್ರಾಫ್ಟಿನ ದಿನ ಬೆಲೆಯಲ್ಲಿ ಮಿತಿಯಿರಲಿ. ಅಂದು ನಮ್ಮ ಮುಂದಿರುವುದು ನಿರೀಕ್ಷೆಯೊಂದೇ. ಆದರೆ ಋತು ಮುಗಿದ ದಿನ ಲೆಕ್ಕವನ್ನು ಹೊಸದಾಗಿ ಬರೆಯಬೇಕು. ಶ್ರೇಷ್ಠನೆಂದು ಬಹುಮಾನ ಕೊಟ್ಟ ಕೈಯೇ ಆ ಶ್ರೇಷ್ಠತೆಯ ಕೂಲಿಯನ್ನು ಮೂರು ವರ್ಷ ತಡೆಹಿಡಿಯುವುದು ನ್ಯಾಯವಲ್ಲ. ಕರಾರನ್ನು ತಿದ್ದುವ ಹಕ್ಕು ಮೊದಲ ಋತುವಿನ ಅಂತ್ಯದಿಂದಲೇ ಆಟಗಾರನಿಗಿರಬೇಕು. ಗಾಯಗೊಂಡವನು ಆಡಬಹುದೋ ಬಾರದೋ ಎಂಬ ಕೊನೆಯ ತೀರ್ಪು, ಆ ತಂಡದ ಸೋಲು ಗೆಲುವುಗಳಲ್ಲಿ ಪಾಲಿಲ್ಲದ ವೈದ್ಯನ ಕೈಯಲ್ಲಿರಬೇಕು. ನೋಡುವವರಾದ ನಮ್ಮ ಮೇಲೆಯೂ ಒಂದು ಕರ್ತವ್ಯವುಂಟು: ಹೊಸಬನೊಬ್ಬನು ಅದ್ಭುತವಾಗಿ ಆಡಿದಾಗ, ಇವನು ಮುಂದೆ ಏನಾಗುವನೋ ಎಂದು ಕೇಳುವುದನ್ನು ಕೊಂಚ ತಡೆದು, ಇಂದು ಇವನು ಏನು ಮಾಡಿದನೆಂಬುದನ್ನು ಕಣ್ತುಂಬ ನೋಡಬೇಕು. ಸೇಯರ್ಸನ 22 ಟಚ್‌ಡೌನ್‌ಗಳಲ್ಲಿ ಒಂದಾದರೂ ಆತನ ಮೊಣಕಾಲಿನ ಜೊತೆಗೆ ಮುರಿದುಹೋಗಲಿಲ್ಲ.