ಸೇರುವುದು ಸುಲಭ, ಬಿಡುವುದು ಕಷ್ಟ



ಶಿರೂರ ಅನಂತಪಾಳದಂಥ ನಮ್ಮ ಗಡಿಭಾಗದ ಊರಲ್ಲೂ ಈಗ ಹಾಡು, ಸಿನೆಮಾ, ಮಕ್ಕಳ ಪಾಠ ಎಲ್ಲವೂ ಮೊಬೈಲಿನ ಚಂದಾದ ಮೇಲೆ ನಡೆದಿವೆ. ಮೊದಲ ತಿಂಗಳು ಪುಕ್ಕಟೆ ಎನ್ನುತ್ತಾರೆ. ಮುಂದೆ ಪ್ರತಿ ತಿಂಗಳು ಹಣ ತಾನಾಗಿಯೇ ಕಡಿತವಾಗುತ್ತದೆ. ಬೇಡವೆಂದರೆ ರದ್ದು ಮಾಡುವ ಗುಂಡಿಯೇ ಸಿಗುವುದಿಲ್ಲ. ಪತ್ರಿಕೆ ಬೇಡವಾದರೆ ಹಾಕುವ ಹುಡುಗನಿಗೆ ಒಂದು ಮಾತು ಸಾಕು. ಇಲ್ಲಿ ಮಾತು ಕೇಳುವವರೇ ಇಲ್ಲ.

ಇದಕ್ಕೆ ಕಾನೂನಿನ ಆಸರೆ ಇದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ 13 ಬಗೆಯ ಮೋಸದ ರೀತಿಗಳನ್ನು ಹೆಸರಿಸಿ ನಿಷೇಧಿಸಿದೆ. ‘ಚಂದಾ ಬಲೆ’ ಅದರಲ್ಲೊಂದು. ರದ್ದತಿಯ ದಾರಿ ಮುಚ್ಚಿಡುವುದು, ಪುಕ್ಕಟೆ ಚಂದಾಕ್ಕೂ ಹಣ ಕಡಿತದ ಅನುಮತಿ ಕೇಳುವುದು ಇದರಲ್ಲಿ ಬರುತ್ತವೆ. ಕಡಿತಕ್ಕೆ 24 ತಾಸು ಮೊದಲು ಗ್ರಾಹಕನಿಗೆ ಸೂಚನೆ ಹೋಗಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್‌ನಿಂದ ಪೂರ್ತಿ ಜಾರಿಗೆ ಬಂದಿತು. ಆ ಮೆಸೇಜನ್ನು ಓದದೆ ಅಳಿಸಬೇಡಿರಿ.

ಆ್ಯಪ್ ತೆಗೆದುಹಾಕಿದರೆ ಚಂದಾ ನಿಲ್ಲದು. ಯುಪಿಐದಲ್ಲಿ ‘ಆಟೋಪೇ’ ತೆರೆದು ಅನುಮತಿ ರದ್ದು ಮಾಡಿರಿ. ಕಾರ್ಡಿನದಾದರೆ ಬ್ಯಾಂಕಿಗೆ ತಿಳಿಸಿರಿ. ತಕರಾರು ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕೀರ್ದಿ ತಾಳೆ ನೋಡುವಂತೆ ತಿಂಗಳಿಗೊಮ್ಮೆ ಪಾಸ್‌ಬುಕ್ಕನ್ನೂ ನೋಡಿರಿ.

ಇನ್ನೊಂದು ಮಾತು. ತೂಕದಲ್ಲಿ ಕಡಿಮೆ ಕೊಡುವುದು ಅಚೌರ್ಯ ಅಣುವ್ರತಕ್ಕೆ ಅತಿಚಾರವೆಂದು ನಾವು ಬಲ್ಲೆವು. ಬೇಡವೆಂದವನಿಂದ ಹಣ ಎಳೆಯುವುದೂ ಅದೇ ಸಾಲಿನದು. ನಮ್ಮ ಮಕ್ಕಳೂ ಆನ್‌ಲೈನ್ ವ್ಯಾಪಾರಕ್ಕೆ ಇಳಿಯುತ್ತಿದ್ದಾರೆ. ಗಿರಾಕಿ ಒಳಬರುವ ಬಾಗಿಲಷ್ಟೇ ಅಗಲದ ಬಾಗಿಲು ಹೊರಹೋಗಲಿಕ್ಕೂ ಇರಲಿ.